ನವೋದಯ ಪರೀಕ್ಷೆಗೆ ಮನೆಯಲ್ಲೇ ಓದಿಸಿದ ನಮ್ಮ ಒಂದು ವರ್ಷ

ಮಗಳ ಹಾಸಿಗೆ ಸುತ್ತಿ, ಟ್ರಂಕಿಗೆ ಬೀಗ ಹಾಕಿ, ಹಾಸ್ಟೆಲ್ಲಿಗೆ ಬಿಟ್ಟು ಬಂದು ಇವತ್ತಿಗೆ ಹತ್ತು ದಿನ. ನವೋದಯದ ಹಾಸ್ಟೆಲ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನವೋದಯ ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ, ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಅವಳಿಗೆ ನವೋದಯ ಆಗಲಿಲ್ಲ. ಅವಳ ಜೊತೆ ನಮ್ಮ ಜಗಲಿಯಲ್ಲೇ ಕೂತು ಓದಿದ ಪಕ್ಕದ ಮನೆ ಹುಡುಗನಿಗೆ ಆಯಿತು. ಎರಡೂ ಮಕ್ಕಳ ಕಾಗದಪತ್ರಕ್ಕೆ ಓಡಾಡಿದ್ದರಿಂದ ಒಂದಿಷ್ಟು ವಿಷಯ ಗೊತ್ತಾಯಿತು. ಇನ್ನು ಮುಂದೆ ಅರ್ಜಿ ಹಾಕುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾವು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಯವರು. ನಾನು ಪಿಯುಸಿ ತನಕ ಓದಿದ್ದೇನೆ, ಮನೆಯಲ್ಲಿ ಬ್ಲೌಸ್, ಫ್ರಾಕ್ ಹೊಲಿಯುತ್ತೇನೆ. 2024ರ ಮೇ ತಿಂಗಳಲ್ಲಿ, ಮಗಳು ನಾಲ್ಕನೇ ಕ್ಲಾಸ್ ಮುಗಿಸಿದಾಗ, ಊರ ಮದುವೆಯೊಂದರಲ್ಲಿ ಯಾರೋ ಗಾಜನೂರಿನ ನವೋದಯದ ಸುದ್ದಿ ತೆಗೆದರು. ಆರನೇ ಕ್ಲಾಸಿಂದ ಹನ್ನೆರಡರ ತನಕ ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲ ಅವರದ್ದೇ. ಒಂಬತ್ತನೇ ಕ್ಲಾಸಿನಿಂದ ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ ಅಂತ ಇದೆ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ನನ್ನ ತಲೆಗೆ ಅವತ್ತೇ ಹುಳ ಹೊಕ್ಕಿತು.

ಕೋಚಿಂಗ್ ವಿಚಾರಿಸಿದೆವು. ಪೇಟೆಯ ಒಂದು ಕಡೆ ಆರು ತಿಂಗಳು ಅಲ್ಲೇ ಉಳಿಸಿಕೊಂಡು ಓದಿಸುವುದಕ್ಕೆ 40,000 ಕೇಳಿದರು. ಇವರು ಫೋನ್ ಇಟ್ಟು ನನ್ನ ಮುಖ ನೋಡಿದರು. ಅಷ್ಟು ದುಡ್ಡಿಗೆ ನಾನು ಎಷ್ಟು ಬ್ಲೌಸ್ ಹೊಲಿಯಬೇಕು ಅಂತ ಲೆಕ್ಕ ಹಾಕಿದೆ, ಬೇಡ ಅಂತ ಬಿಟ್ಟೆ. ಎರಡು ಗೈಡ್ ತರಿಸಿದೆವು, ಒಂದು 380, ಇನ್ನೊಂದು 250. ಎರಡನೆಯದು ದಂಡ. ಅದರಲ್ಲಿ ಉತ್ತರಗಳೇ ಹತ್ತಾರು ಕಡೆ ತಪ್ಪಿದ್ದವು, ಮಗಳು ಸರಿ ಮಾಡಿದ್ದಕ್ಕೂ ನಾನು ತಪ್ಪು ಹಾಕಿ ಬೈದಿದ್ದೇನೆ. ಒಂದೇ ಗೈಡ್ ಸಾಕು, ಜೊತೆಗೆ ಹಳೇ ಪ್ರಶ್ನೆಪತ್ರಿಕೆ ಎಷ್ಟು ಸಿಕ್ಕರೆ ಅಷ್ಟು.

ಪರೀಕ್ಷೆ ಹೇಗಿರುತ್ತದೆ ಅಂತ ಗೊತ್ತಿಲ್ಲದವರಿಗೆ: ಒಟ್ಟು 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಒಂದೊಂದಕ್ಕೆ ಒಂದೂಕಾಲು ಅಂಕ. ಮಾನಸಿಕ ಸಾಮರ್ಥ್ಯ ಅಂತ ಚಿತ್ರಗಳ ಭಾಗ 40 ಪ್ರಶ್ನೆ, ಗಣಿತ 20, ಭಾಷೆ 20. ಕನ್ನಡದಲ್ಲೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಈ ಕೊನೆಯ ಮಾತು ನನಗೆ ಗೊತ್ತಾಗಿದ್ದು ಸೆಪ್ಟೆಂಬರಿನಲ್ಲಿ! ಅಲ್ಲಿ ತನಕ ಗೊತ್ತಿಲ್ಲದ್ದನ್ನು ಬಿಟ್ಟುಬಿಡು ಅಂತಲೇ ಹೇಳಿಕೊಡುತ್ತಿದ್ದೆ.

ಜೂನ್, ಜುಲೈ ಚಿತ್ರಗಳ ಭಾಗವೇ ಹಿಡಿದೆವು. ಅರ್ಧ ಅಂಕ ಅಲ್ಲೇ ಇದೆ, ಶಾಲೆಯಲ್ಲಿ ಅದನ್ನು ಯಾರೂ ಕಲಿಸುವುದಿಲ್ಲ. ಹತ್ತು ಬಗೆ, ಒಂದೊಂದರಲ್ಲಿ ನಾಲ್ಕು ಪ್ರಶ್ನೆ. ಬೇರೆ ಥರ ಇರುವ ಚಿತ್ರ ಹುಡುಕು, ಮುಂದಿನ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಹೀಗೆ. ಅವಳಿಗೆ ಕಾಗದ ಮಡಿಸಿ ತೂತು ಮಾಡುವ ಲೆಕ್ಕ ಮಾತ್ರ ಹತ್ತುತ್ತಲೇ ಇರಲಿಲ್ಲ. ಚೌಕದ ಹಾಳೆ, ಅದನ್ನು ಎರಡು ಸಲ ಮಡಿಸಿದ್ದಾರೆ, ಮೂಲೆಯಲ್ಲಿ ಒಂದು ತೂತು, ಬಿಚ್ಚಿದರೆ ಹೇಗೆ ಕಾಣುತ್ತದೆ? ಪುಸ್ತಕ ನೋಡಿ ನಾನೂ ತಪ್ಪೇ ಮಾಡುತ್ತಿದ್ದೆ.

ಒಂದು ದಿನ ಅಂಬ್ರೆಲ್ಲಾ ಫ್ರಾಕ್ ಕತ್ತರಿಸುತ್ತಿದ್ದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆ ಕೂಡುವ ಮೂಲೆಯಲ್ಲಿ ಸೊಂಟದ ಅಳತೆಗೆ ಕಾಲು ವೃತ್ತ ಚಾಕ್‌ಪೀಸಿನಲ್ಲಿ ಬರೆದು ಕತ್ತರಿ ಹಾಕಿದೆ. ಪಕ್ಕದಲ್ಲಿ ಕೂತಿದ್ದವಳು, "ಅಮ್ಮಾ, ಬಿಚ್ಚಬೇಡ, ನಿಲ್ಲು" ಅಂದಳು. ಬಟ್ಟೆಯ ಮೇಲೆ ಬೆರಳಲ್ಲೇ ಗೆರೆ ಎಳೆದು, "ನಡುವೆ ದೊಡ್ಡ ಸೊನ್ನೆ ಬರುತ್ತೆ, ಒಂದೇ" ಅಂದಳು. ಬಿಚ್ಚಿ ತೋರಿಸಿದೆ. ಆಮೇಲೆ ಹದಿನೈದು ದಿನ ನಮ್ಮ ಮನೆಯ ಹಳೇ ಪೇಪರ್ ಒಂದೂ ಉಳಿಯಲಿಲ್ಲ, ಮಡಿಸುವುದು, ಕತ್ತರಿಸುವುದು, ಬಿಚ್ಚುವ ಮೊದಲು ಬಾಯಲ್ಲಿ ಹೇಳುವುದು. ಮೂರನೇ ವಾರಕ್ಕೆ ಪೇಪರ್ ಬೇಕಿರಲಿಲ್ಲ, ಕಣ್ಣು ಮುಚ್ಚಿ ಹೇಳುತ್ತಿದ್ದಳು. ದೊಡ್ಡ ಚಿತ್ರದೊಳಗೆ ಅಡಗಿರುವ ಚಿಕ್ಕ ಚಿತ್ರ ಹುಡುಕುವುದಕ್ಕೂ ಹೀಗೇ ಮಾಡಿದೆವು. ಬಟರ್ ಪೇಪರಿನಲ್ಲಿ ಚಿಕ್ಕ ಚಿತ್ರ ಬರೆದುಕೊಂಡು ದೊಡ್ಡದರ ಮೇಲೆ ಸರಿಸಿ ನೋಡುವುದು. ಕೈಯಲ್ಲಿ ಒಮ್ಮೆ ಮಾಡಿದ್ದು ಆಮೇಲೆ ಕಣ್ಣಿಗೆ ಬರುತ್ತದೆ.

ಪಕ್ಕದ ಮನೆ ಹುಡುಗ ಸೇರಿದ್ದು ಜುಲೈಯಲ್ಲಿ. ಅವನಮ್ಮ ಬಂದು, "ಅಕ್ಕಾ, ಇವನನ್ನೂ ಕೂರಿಸ್ಕೊಳ್ಳಿ, ಮನೇಲಿ ಸುಮ್ನೆ ಮೊಬೈಲ್ ಹಿಡ್ಕೊಂಡು ಕೂರ್ತಾನೆ" ಅಂದಳು. ಒಳ್ಳೆಯದೇ ಆಯಿತು. ಒಬ್ಬರಿಗಿಂತ ಇಬ್ಬರು ವಾಸಿ, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಾರೆ.

ಅರ್ಜಿ ಹಾಕುವ ಹೊತ್ತಿಗೆ ನಿಜವಾದ ಪೆಟ್ಟು ಬಿತ್ತು. ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ. ನವೋದಯದವರ ವೆಬ್‌ಸೈಟಿನಿಂದ ಒಂದು ಪ್ರಮಾಣಪತ್ರದ ನಮೂನೆ ಇಳಿಸಿಕೊಂಡು, ಮಗುವಿನ ವಿವರ ತುಂಬಿ, ಫೋಟೋ ಅಂಟಿಸಿ, ಮಗು ಮತ್ತು ಪೋಷಕರ ಸಹಿ ಹಾಕಿ, ಶಾಲೆಯ ಹೆಡ್‌ಮಾಸ್ಟರ್ ಸಹಿ, ಸೀಲು ಹಾಕಿಸಬೇಕು. ಅದರಲ್ಲಿ ಮೂರು, ನಾಲ್ಕು, ಐದನೇ ಕ್ಲಾಸ್ ಎಲ್ಲಿ ಓದಿದ್ದು, ಆ ಶಾಲೆ ಗ್ರಾಮೀಣವೋ ನಗರವೋ ಅಂತ ಕೇಳುತ್ತಾರೆ. ಜಿಲ್ಲೆಯ ನವೋದಯದಲ್ಲಿ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ 75 ಪರ್ಸೆಂಟ್ ಗ್ರಾಮೀಣ ಮಕ್ಕಳಿಗೆ. ನಾವು ಹಳ್ಳಿಯವರು, ಆರಾಮ ಅಂದುಕೊಂಡಿದ್ದೆ.

2022ರ ಜೂನಿನಲ್ಲಿ, ಮೂರನೇ ಕ್ಲಾಸಿಗೆ, ಮಗಳನ್ನು ತಾಲ್ಲೂಕು ಪೇಟೆಯ ಒಂದು ಇಂಗ್ಲಿಷ್ ಶಾಲೆಗೆ ಸೇರಿಸಿದ್ದೆವು. ದಿನಾ ವ್ಯಾನಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಎರಡು ತಿಂಗಳಿಗೆ ಬಿಡಿಸಿ ಊರ ಸರ್ಕಾರಿ ಶಾಲೆಗೇ ತಂದೆವು. ಅದನ್ನು ನಾನು ಮರೆತೇ ಹೋಗಿದ್ದೆ. ಆದರೆ ನವೋದಯದವರ ನಿಯಮಗಳ ಪುಸ್ತಕ, ಪ್ರಾಸ್ಪೆಕ್ಟಸ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ: ಮೂರು, ನಾಲ್ಕು, ಐದರಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಆ ಮಗು ನಗರದ ಲೆಕ್ಕ.

ಸೈಬರ್ ಸೆಂಟರಿನ ಹುಡುಗ, "ಅಕ್ಕಾ, ಎರಡು ತಿಂಗಳು ಯಾರು ನೋಡ್ತಾರೆ, ರೂರಲ್ ಅಂತ ಹಾಕ್ಲಾ?" ಅಂದ. ನಾನು ಹೂಂ ಅನ್ನುವವಳೇ ಇದ್ದೆ. ಆದರೆ ಮೊದಲು ಹೆಡ್‌ಮಾಸ್ಟರ್ ಸಹಿ ಬೇಕಿತ್ತಲ್ಲ. ಅವರು ನಮೂನೆ ಓದಿ ಕನ್ನಡಕ ತೆಗೆದು, "ಅಮ್ಮಾ, ಸ್ಯಾಟ್ಸ್‌ನಲ್ಲಿ ಆ ಶಾಲೆ ಹೆಸರೇ ಇದೆ. ನಾನು ಸುಳ್ಳು ಬರೆದರೆ ನನ್ನ ಕೆಲಸಕ್ಕೂ ಕುತ್ತು, ಸೀಟು ಸಿಕ್ಕಿದ ಮೇಲೆ ಮಗೂನ ವಾಪಸ್ ಕಳಿಸಿದರೆ ಏನು ಮಾಡ್ತೀರಿ?" ಅಂದರು. ಸ್ಯಾಟ್ಸ್ ಅಂದರೆ ಮಕ್ಕಳ ಶಾಲೆಯ ದಾಖಲೆ ಇಡುವ ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆ. ಅವರು ಒಪ್ಪಿದ್ದರೆ ನಾನು ಸುಳ್ಳೇ ಹಾಕಿಸುತ್ತಿದ್ದೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ನಗರ ಅಂತ ತುಂಬಿದೆವು. ಉಳಿದ 25 ಪರ್ಸೆಂಟ್ ಸೀಟಿಗೆ ಇಡೀ ಜಿಲ್ಲೆಯ ಪೇಟೆ ಮಕ್ಕಳ ಜೊತೆ, ಹೆಚ್ಚು ಅಂಕ ತೆಗೆದ ಹಳ್ಳಿ ಮಕ್ಕಳ ಜೊತೆ ನನ್ನ ಮಗಳು. ಅವತ್ತು ರಾತ್ರಿ ಊಟ ಸೇರಲಿಲ್ಲ. ಅವಳಿಗೆ ಏನೂ ಹೇಳಲಿಲ್ಲ.

ಆದ್ದರಿಂದ ಮಕ್ಕಳು ಎರಡನೇ ಕ್ಲಾಸಿನಲ್ಲಿ ಇರುವಾಗಲೇ ಪ್ರಾಸ್ಪೆಕ್ಟಸ್ ಒಮ್ಮೆ ಓದಿ. ಇನ್ನೂ ಎರಡು ಮಾತು ಅದರಲ್ಲೇ ಇವೆ. ಐದನೇ ಕ್ಲಾಸನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು, ಆ ಜಿಲ್ಲೆಯವರೇ ಆಗಿರಬೇಕು. ಮತ್ತೆ, ಈ ಪರೀಕ್ಷೆ ಬರೆಯಲು ಒಂದೇ ಅವಕಾಶ, ಮುಂದಿನ ವರ್ಷ ನೋಡೋಣ ಅನ್ನುವ ಹಾಗಿಲ್ಲ.

ಫಾರ್ಮ್ ತುಂಬುವಾಗ ಸಣ್ಣಪುಟ್ಟ ಕಾಟ ಇದ್ದದ್ದೇ. ಆಧಾರಿನಲ್ಲಿ ಇನಿಷಿಯಲ್ ಹಿಂದೆ, ಶಾಲೆಯಲ್ಲಿ ಮುಂದೆ. ಫೋಟೋ, ಸಹಿ 100 ಕೆಬಿ ಒಳಗೆ ಇರಬೇಕು, ಮೊಬೈಲಿನಲ್ಲಿ ತೆಗೆದದ್ದು ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಕೊನೇ ವಾರ ಸರ್ವರ್ ಸುತ್ತುತ್ತಲೇ ಇತ್ತು, ಎರಡು ಸಲ ವಾಪಸ್ ಬಂದೆವು. ಅರ್ಜಿ ಮುಗಿದ ಮೇಲೆ ಎರಡು ದಿನ ತಿದ್ದುಪಡಿಗೆ ಬಿಡುತ್ತಾರೆ, ಆಗ ಜಾತಿ ವರ್ಗ, ಗ್ರಾಮೀಣ-ನಗರ, ಮಾಧ್ಯಮದಂಥ ಕೆಲವನ್ನು ಮಾತ್ರ ಬದಲಿಸಬಹುದು. ಪಕ್ಕದ ಮನೆ ಹುಡುಗನದ್ದು ಮಾಧ್ಯಮ ಇಂಗ್ಲಿಷ್ ಅಂತ ಬಿದ್ದಿತ್ತು. ಪ್ರಿಂಟ್ ತೆಗೆಸಿ ಓದಿದ್ದಕ್ಕೆ ಕಣ್ಣಿಗೆ ಬಿತ್ತು, ಆ ಎರಡು ದಿನದಲ್ಲಿ ಸರಿಯಾಯಿತು. ಪ್ರಿಂಟ್ ತೆಗೆಸದೆ ಸೈಬರ್ ಸೆಂಟರಿನಿಂದ ಏಳಬೇಡಿ.

ಸೆಪ್ಟೆಂಬರಿನಿಂದ ಭಾನುವಾರಕ್ಕೊಂದು ಪೂರ್ತಿ ಪರೀಕ್ಷೆ. ಹನ್ನೊಂದೂವರೆಯಿಂದ ಒಂದೂವರೆ, ನಿಜವಾದ ಪರೀಕ್ಷೆಯ ಹೊತ್ತಿಗೇ. ಒಎಂಆರ್ ಅಂದರೆ ಸೊನ್ನೆ ತುಂಬಿ ಉತ್ತರ ಗುರುತು ಮಾಡುವ ಹಾಳೆ, ಅದನ್ನು ಜೆರಾಕ್ಸ್ ಮಾಡಿಸಿ, ಬಾಲ್ ಪೆನ್ನಿನಲ್ಲೇ ತುಂಬಿಸುತ್ತಿದ್ದೆ. ಮೊದಲ ಪರೀಕ್ಷೆಯಲ್ಲಿ ಮಗಳಿಗೆ ಗಣಿತದಲ್ಲಿ ಇಪ್ಪತ್ತಕ್ಕೆ ಐದು ಸರಿ. ನಾನು ಸಿಟ್ಟಿನಲ್ಲಿ ಹಾಳೆ ಎಸೆದೆ. ಆಮೇಲೆ ಅವಳ ರಫ್ ಹಾಳೆ ನೋಡಿದರೆ ಹದಿನಾಲ್ಕು ಲೆಕ್ಕ ಸರಿ ಮಾಡಿದ್ದಾಳೆ! ಆರನೇ ಲೆಕ್ಕ ಕಷ್ಟ ಅಂತ ಬಿಟ್ಟು ಏಳನೆಯದನ್ನು ಮಾಡಿ, ಅದರ ಉತ್ತರವನ್ನು ಆರರ ಎದುರು ತುಂಬಿದ್ದಾಳೆ. ಅಲ್ಲಿಂದ ಎಲ್ಲ ಒಂದೊಂದು ಸಾಲು ಮೇಲಕ್ಕೆ ಹೋಗಿದೆ. ಅವತ್ತಿನಿಂದ ಒಂದು ರೂಢಿ ಮಾಡಿದೆವು, ತುಂಬುವ ಮೊದಲು ಪ್ರಶ್ನೆ ನಂಬರ್ ಬಾಯಲ್ಲಿ ಪಿಸುಗುಟ್ಟುವುದು. ಬಿಟ್ಟ ಪ್ರಶ್ನೆಗೆ ಪ್ರಶ್ನೆಪತ್ರಿಕೆಯಲ್ಲಿ ಸುತ್ತು ಹಾಕುವುದು. ಕೊನೇ ಐದು ನಿಮಿಷದಲ್ಲಿ ಖಾಲಿ ಉಳಿದದ್ದಕ್ಕೆಲ್ಲ ಏನೋ ಒಂದು ತುಂಬುವುದು.

ಗಣಿತದಲ್ಲಿ ಭಿನ್ನರಾಶಿ, ಲಸಾಅ-ಮಸಾಅ, ಲಾಭ-ನಷ್ಟ, ಸರಳಬಡ್ಡಿ, ವೇಗ-ದೂರ ಇಷ್ಟಕ್ಕೆ ಹೆಚ್ಚು ಹೊತ್ತು ಬೇಕಾಯಿತು. ಸರಳಬಡ್ಡಿಯನ್ನು ಸಂಘದ ಸಾಲದ ಪುಸ್ತಕ ಇಟ್ಟುಕೊಂಡು ಹೇಳಿಕೊಟ್ಟೆ, ಅದು ಬೇಗ ಹತ್ತಿತು. ಭಾಷೆ ಸುಲಭ ಅಂದುಕೊಂಡು ನಾನು ಮೋಸ ಹೋದೆ. ನಾಲ್ಕು ಗದ್ಯಭಾಗ ಕೊಟ್ಟು ಒಂದೊಂದಕ್ಕೆ ಐದು ಪ್ರಶ್ನೆ ಕೇಳುತ್ತಾರೆ. ನಮ್ಮ ಮಕ್ಕಳಿಗೆ ಕನ್ನಡ ಗೊತ್ತು ಅನ್ನುವ ಧೈರ್ಯ, ಸರ ಸರ ಓದಿ ತಮ್ಮ ತಲೆಯಲ್ಲಿ ಇದ್ದದ್ದನ್ನು ಬರೆದುಬಿಡುತ್ತಿದ್ದರು. ಜೇನುಹುಳದ ಬಗ್ಗೆ ಒಂದು ಗದ್ಯ ಇತ್ತು. ಹುಡುಗನ ಅಪ್ಪ ಜೇನು ಕೀಳುವವರು, ಅವನಿಗೆ ಜೇನಿನ ಬಗ್ಗೆ ಎಲ್ಲ ಗೊತ್ತು, ಅದಕ್ಕೇ ಐದರಲ್ಲಿ ಮೂರು ತಪ್ಪು. "ಇಲ್ಲಿ ಬರೆದಿದೆಯಾ, ನೀನು ಹೇಳ್ತಿದ್ದೀಯಾ? ಬೆರಳಿಟ್ಟು ತೋರಿಸು" ಅಂತ ಶುರು ಮಾಡಿದೆ. ಬೆರಳಿಡಲು ಸಾಲು ಸಿಗದಿದ್ದರೆ ಆ ಉತ್ತರ ಬೇಡ.

ನವೆಂಬರಿನಲ್ಲಿ ಮಗಳಿಗೆ ಸಂಜೆ ಆದರೆ ಹೊಟ್ಟೆನೋವು. ಶನಿವಾರ ಜಾಸ್ತಿ. ಒಂದು ದಿನ ತುಂಡುಬಟ್ಟೆ ಚೀಲದಲ್ಲಿ ಲೈನಿಂಗ್ ಹುಡುಕುತ್ತಿದ್ದೆ, ಅಡಿಯಲ್ಲಿ ಮಡಿಸಿಟ್ಟ ಒಎಂಆರ್ ಹಾಳೆಗಳು. ಆರೋ ಏಳೋ ಇದ್ದವು. ನಾನು ಮಧ್ಯದಲ್ಲಿ ಕೊಡುತ್ತಿದ್ದ ಸಣ್ಣ ಪರೀಕ್ಷೆಗಳವು, ಕಳೆದುಹೋಯಿತು ಅಂತ ಹೇಳುತ್ತಿದ್ದಳು. ಒಂದೊಂದರ ಮೇಲೂ ಅವಳೇ ಅಂಕ ಹಾಕಿಕೊಂಡು, ಪಕ್ಕದಲ್ಲಿ ಆ ಹುಡುಗನ ಅಂಕ ಬರೆದು, ಎಷ್ಟು ಕಮ್ಮಿ ಅಂತ ಕಳೆದಿದ್ದಳು. ಹೋಲಿಕೆ ಮಾಡುವುದನ್ನು ನಾನು ಬಾಯಲ್ಲಿ ಹೇಳಿರಲಿಲ್ಲ, ಮುಖದಲ್ಲಿ ಕಂಡಿರಬೇಕು. ಹಾಳೆಗಳನ್ನು ಅಲ್ಲೇ ಇಟ್ಟೆ. ಹತ್ತು ದಿನ ಪುಸ್ತಕ ಮುಟ್ಟಲಿಲ್ಲ. ಅವಳು ಗದ್ದೆಗೆ ಹೋದಳು, ತಮ್ಮನ ಜೊತೆ ಜಗಳ ಆಡಿದಳು, ಹೊಟ್ಟೆನೋವು ಹೋಯಿತು. ಆಮೇಲೆ ಇಬ್ಬರ ಉತ್ತರವನ್ನೂ ಬೇರೆ ಬೇರೆ ಹೊತ್ತಿನಲ್ಲಿ ತಿದ್ದುತ್ತಿದ್ದೆ.

ಪರೀಕ್ಷೆ 2025ರ ಜನವರಿ 18, ಶನಿವಾರ. ಕೇಂದ್ರ ತಾಲ್ಲೂಕಿನ ಒಂದು ಶಾಲೆ. ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಅಂತ ನಂಬಿ ನಿಂತರೆ ನಮ್ಮ ಕಡೆ ಬರುವುದು ಪ್ರೈವೇಟ್ ಬಸ್ಸೇ. ಹೇಗೋ ಹತ್ತು ಗಂಟೆಗೆ ತಲುಪಿದೆವು. ಗೇಟಿನ ಹತ್ತಿರ ಒಬ್ಬ ತಾಯಿ ಪ್ರವೇಶಪತ್ರ ಬಸ್ಸಿನಲ್ಲಿ ಬಿಟ್ಟು ಅಳುತ್ತಿದ್ದರು, ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮತ್ತೆ ಇಳಿಸಿಕೊಂಡರು. ಎರಡು ಪ್ರತಿ ಇಟ್ಟುಕೊಳ್ಳಿ, ಎರಡು ಪೆನ್ನು ಕೂಡ. ಹೊರಗೆ ಬಿಸಿಲಲ್ಲಿ ಎರಡು ಗಂಟೆ. ಪಕ್ಕದಲ್ಲಿ ಕೂತವರು ಕೋಚಿಂಗಿನ ಮಾತು, ನಾನು ಸುಮ್ಮನೆ ಬ್ಯಾಗಿನ ಜಿಪ್ಪು ಎಳೆಯುತ್ತಾ ಕೂತಿದ್ದೆ. ಹೊರಗೆ ಬಂದವಳು ಮೊದಲು ಹೇಳಿದ್ದು, "ಅಮ್ಮಾ, ಫ್ರಾಕ್ ಲೆಕ್ಕ ನಾಲ್ಕೂ ಬಂತು."

ಮಾರ್ಚ್ ಕೊನೆಯಲ್ಲಿ ಫಲಿತಾಂಶ. ರೋಲ್ ನಂಬರ್, ಹುಟ್ಟಿದ ದಿನ ಹಾಕಿದೆ. ಆಯ್ಕೆ ಆಗಿಲ್ಲ ಅಂತ ಒಂದು ಸಾಲು. ಎಷ್ಟು ಅಂಕ ಬಂತು, ಎಷ್ಟರಲ್ಲಿ ತಪ್ಪಿತು, ಏನೂ ಕಾಣಲಿಲ್ಲ. ಅದೇ ಫೋನಿನಲ್ಲಿ ಹುಡುಗನದ್ದು ಹಾಕಿದೆ. ಆಯ್ಕೆ ಆಗಿದ್ದಾನೆ. ಅವನಮ್ಮ ನನ್ನ ಕೈ ಹಿಡಿದುಕೊಂಡಳು, ಖುಷಿ ಪಡಬೇಕೋ ಬೇಡವೋ ಅವಳಿಗೂ ಗೊತ್ತಾಗಲಿಲ್ಲ. ಮಗಳು ಒಳಗೆ ಹೋಗಿ ಮಲಗಿದಳು. ಮಾರನೇ ದಿನ, "ನಾನು ಗ್ರಾಮೀಣ ಆಗಿದ್ರೆ ಸಿಗ್ತಿತ್ತಾ?" ಅಂದಳು. ಯಾರೋ ಹೇಳಿದ್ದರು ಅನ್ನಿಸುತ್ತದೆ. ಗೊತ್ತಿಲ್ಲ ಮಗಾ ಅಂದೆ. ನನಗೆ ನಿಜವಾಗಿಯೂ ಗೊತ್ತಿಲ್ಲ, ಈ ಜನ್ಮದಲ್ಲಿ ಗೊತ್ತಾಗುವುದೂ ಇಲ್ಲ.

ಹುಡುಗನ ದಾಖಲೆಗೆ ಅವರ ಜೊತೆ ನಾನೂ ಓಡಾಡಿದೆ. ಜನನ ಪ್ರಮಾಣಪತ್ರ, ವಾಸಸ್ಥಳ, ಗ್ರಾಮೀಣ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ, ಟಿಸಿ. ಎಲ್ಲಕ್ಕಿಂತ ಸತಾಯಿಸಿದ್ದು ಒಬಿಸಿ, ಅಂದರೆ ಹಿಂದುಳಿದ ವರ್ಗದ ಪ್ರಮಾಣಪತ್ರ. ನಮ್ಮ ನಾಡಕಚೇರಿಯಲ್ಲಿ ಕೊಡುವ 2ಎ, 3ಬಿ ಜಾತಿ ಪ್ರಮಾಣಪತ್ರ ಇದಕ್ಕೆ ನಡೆಯುವುದಿಲ್ಲ, ಕೇಂದ್ರದ ಒಬಿಸಿ ನಮೂನೆಯೇ ಬೇಕು. ಅದು ಕೈಗೆ ಬರಲು ಅವರಿಗೆ ಹದಿನೇಳು ದಿನ, ಐದು ಸಲ ಅಲೆದಾಟ. ಅರ್ಜಿಯಲ್ಲಿ ಒಬಿಸಿ ಅಂತ ತುಂಬುವವರು ಫಲಿತಾಂಶಕ್ಕೆ ಕಾಯದೆ ಮೊದಲೇ ಮಾಡಿಸಿಟ್ಟುಕೊಳ್ಳಿ.

ನಾವು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ವಸತಿ ಶಾಲೆಗಳ ಪರೀಕ್ಷೆಯನ್ನೂ ಬರೆಸಿದ್ದೆವು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ಶಾಲೆಗಳ ಆರನೇ ಕ್ಲಾಸಿಗೆ. ಅದಕ್ಕೆ ಸ್ಯಾಟ್ಸ್ ನಂಬರ್, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ಅಲ್ಲಿ ಶಾಲೆಯ ಪಾಠದ ಪ್ರಶ್ನೆಗಳೂ ಬರುತ್ತವೆ, ಸಮಾಜ, ವಿಜ್ಞಾನ ಬೇರೆಯಾಗಿ ಓದಿಸಬೇಕು, ನಾವು ಓದಿಸಿದ್ದು ಮೂರೇ ವಾರ. ಆದರೂ ಎರಡನೇ ಸುತ್ತಿನಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಸೀಟು ಬಂತು. ಒಂದನ್ನೇ ನಂಬಿ ಕೂರಬೇಡಿ. ಆದರ್ಶ ವಿದ್ಯಾಲಯ ಇದೆ, ಸೈನಿಕ ಶಾಲೆ ವಿಜಯಪುರ, ಕೊಡಗಿನಲ್ಲಿ ಇದೆ.

ಖರ್ಚು ಕೇಳುವವರಿಗೆ: ಗೈಡ್ 630, ಜೆರಾಕ್ಸ್ 340, ಫೋಟೋ 60, ಸೈಬರ್ ಸೆಂಟರ್ 150, ಪೆನ್ನು 40, ಪರೀಕ್ಷೆ ದಿನದ ಬಸ್ಸು, ಊಟ 310. ಒಟ್ಟು 1,530. ಹೊಲಿಗೆ ಕೆಲಸ ತಪ್ಪಿದ ಸಂಜೆಗಳನ್ನು ಇದರಲ್ಲಿ ಸೇರಿಸಿಲ್ಲ.

ನಮ್ಮ ಮುಂದಿನ ಸಲ ಎಲ್ಲ ಇನ್ನೂ ಮುಂಚೆ ಬಂತು. ಪರೀಕ್ಷೆ 2025ರ ಡಿಸೆಂಬರ್ 13ಕ್ಕೆ ಇತ್ತು, ಅರ್ಜಿಗೆ ಮೊದಲು ಹೇಳಿದ್ದ ಕೊನೇ ದಿನ ಜುಲೈ 29. ಇನ್ನು ಮುಂದೆ ಹಾಕುವವರು ಆ ವರ್ಷದ ದಿನಾಂಕ ನೋಡಿಕೊಂಡು ಮೊದಲೇ ಹೆಡ್‌ಮಾಸ್ಟರ್ ಸಹಿ ಹಾಕಿಸಿಕೊಳ್ಳಿ.

ಮೊನ್ನೆ ಭಾನುವಾರ ಮಗಳ ಫೋನ್ ಬಂದಿತ್ತು. ಊಟ ಪರವಾಗಿಲ್ಲವಂತೆ, ರೂಮಿನ ಹುಡುಗಿಯರಿಗೆ ಕಾಗದ ಮಡಿಸಿ ಕತ್ತರಿಸುವುದನ್ನು ಹೇಳಿಕೊಟ್ಟಳಂತೆ, ವಾರ್ಡನ್ ಕತ್ತರಿ ಕಿತ್ತುಕೊಂಡರಂತೆ. ಅವಳ ತಮ್ಮ ಈಗ ಮೂರನೇ ಕ್ಲಾಸು. ಪೇಟೆ ಶಾಲೆಯ ವ್ಯಾನು ದಿನಾ ಬೆಳಗ್ಗೆ ನಮ್ಮ ಗೇಟಿನ ಮುಂದೆಯೇ ನಿಂತು ಹಾರ್ನ್ ಹೊಡೆಯುತ್ತದೆ, ಎದುರು ಮನೆಯ ಮಗು ಹತ್ತುತ್ತದೆ. ಇವನಿಗೂ ಆಸೆ. ಇನ್ನು ಮೂರು ವರ್ಷ ನಡೆದುಕೊಂಡೇ ಹೋಗು ಅಂತ ಹೇಳಿದ್ದೇನೆ.